ಅಣ್ಣ ಡಿಸ್ಕು, ತಮ್ಮ ಡಿಸ್ಕು

ಮೇಘಶ್ರೀ ಮನೆ ಟಿ.ವಿ. ಕೆಳಗಿದ್ದ ಗೇಮ್ ಕಂಟ್ರೋಲರ್‌ಗೆ ಅವತ್ತು ಎದೆ ಡವಡವ! ಆಡೋರೇ ಯೋಧರಾಗಿ ಊರೂರು ಸುತ್ತೋ 'ಕಾಗೆಕೋಟೆ' ಆಟದ ಎರಡು ಡಿಸ್ಕಲ್ಲಿ ಒಂದನ್ನ ಅವಳು ಚಿಕ್ಕಮ್ಮನ ಮಗಳಿಗೆ ಕೊಟ್ಟುಬಿಡ್ತಾಳಂತೆ. ಆಟದ ಮೊದಲ್ನೇ ಭಾಗ ಅಣ್ಣ, ಮೈಯೆಲ್ಲ ಗೀರು. ಆಮೇಲೆ ಬಂದ ಎರಡನೇ ಭಾಗ ತಮ್ಮ, ಥಳಥಳ.

"ಅಣ್ಣಾ, ಗಂಟುಮೂಟೆ ಕಟ್ಕೋ," ಅಂದ ತಮ್ಮ. "ನನ್ನೊಳಗೆ ನಿನಗಿಂತ ಹತ್ತು ಪಟ್ಟು ಕಾಡಿದೆ. ಕುದುರೆಯ ಒಂದೊಂದು ಕೂದಲೂ ಗಾಳಿಗೆ ಹಾರುತ್ತೆ!"

"ಹೌದಪ್ಪಾ, ನೋಡೋಕೆ ಎರಡು ಕಣ್ಣು ಸಾಲದು," ಅಂದ ಅಣ್ಣ.

ಕಂಟ್ರೋಲರ್‌ಗೂ ಹಾಗೇ ಅನಿಸಿತ್ತು, ಸುಳ್ಯಾಕೆ ಹೇಳ್ಬೇಕು! ಆದ್ರೂ ಅಣ್ಣ ಮಾತ್ರ ಹೋಗೋದು ಬೇಡಪ್ಪಾ ಅಂತ ಒಳಗೊಳಗೇ ಗೋಗರೀತಿತ್ತು.

ಕೊಡೋಕೆ ಮುಂಚೆ ಒಂದ್ಸಲ ಎರಡನ್ನೂ ಆಡೋಣ ಅಂತ ಮೇಘಶ್ರೀ ಮೊದಲು ತಮ್ಮನ್ನ ಹಾಕಿದ್ಳು. ನಿನ್ನೆ ತಾನೇ ರಾಕ್ಷಸನ್ನ ಕೊಂದು ಕಾಪಾಡಿದ್ದ ಊರಿಗೇ ಹೋದ್ಳು. ಬಾಗಿಲ ಕಾವಲುಗಾರ, "ಯಾರಮ್ಮ ನೀನು? ಊರಿಗೆ ಹೊಸಬಳಾ?" ಅಂದ. ಸಂತೇಲಿ ಎಲ್ರೂ ಅದನ್ನೇ ಕೇಳಿದ್ರು!

ಆಮೇಲೆ ಅಣ್ಣನ್ನ ಹಾಕಿದ್ಳು. ಆ ಕಡೆ ತಲೆಹಾಕಿ ವರ್ಷವೇ ಆಗಿತ್ತು. ಛತ್ರದ ಅಜ್ಜಿ ಓಡಿಬಂದು, "ಬಂದ್ಯಾ ತಾಯಿ? ಎಲ್ಲಿ ಹಾಳಾಗಿ ಹೋಗಿದ್ದೆ ಇಷ್ಟು ದಿನ? ಕಾಲಿನ ಗಾಯ ವಾಸಿ ಆಯ್ತಾ? ಬಾ, ಮೊದಲು ಊಟ ಮಾಡು," ಅಂದ್ಳು. ಕಂಟ್ರೋಲರ್ ಖುಷಿಗೆ ಗಡಗಡ ನಡುಗಿಬಿಡ್ತು!

ಮೇಘಶ್ರೀ ತಮ್ಮನ್ನ ಎತ್ತಿ ಚೀಲಕ್ಕೆ ಹಾಕಿದ್ಳು. ಒಳಗಿಂದ ಸಣ್ಣ ದನಿ ಬಂತು: "ಅಣ್ಣಾ, ಆ ಅಜ್ಜಿಗೆ ನನ್ನ ಹೆಸರೂ ಹೇಳಿಡು. ಅವಳಾದ್ರೆ ನೆನಪಿಟ್ಕೋತಾಳೆ."