ತೊಲೆಯ ಮೇಲಿನ ಸಮುದ್ರ

ಹೊನ್ನಾವರದಲ್ಲಿ, ಶರಾವತಿ ಕಡಲು ಸೇರುವ ಅಳಿವೆಯ ಹತ್ತಿರ ಜಟ್ಟಿ ಮಾಸ್ತರ್ರ ಮನೆ. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜಗುಲಿಯ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿಸಿ, ತೊಟ್ಟಿಯಲ್ಲೇ ಬೆಳೆಸಿದ ಹವಳವನ್ನೂ ನಾಲ್ಕು ಮೀನುಗಳನ್ನೂ ಸಾಕಿಕೊಂಡಿದ್ದರು. ಕಲಿಯಲು ಬಂದವರಿಗೆ ಇಲ್ಲ ಎನ್ನುತ್ತಿರಲಿಲ್ಲ. ನೇರ ಉತ್ತರ ಮಾತ್ರ ಯಾರಿಗೂ ಸಿಕ್ಕಿರಲಿಲ್ಲ.

ಒಂದು ಭಾನುವಾರ ಮುಕ್ತಾ ಅವರಲ್ಲಿಗೆ ಬಂದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಒಬ್ಬಳೇ ವಾಸ. ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ.

"ಮಾಸ್ತರ್ರೆ, ನಮ್ಮ ಹಾಲ್‌ನಲ್ಲಿ ಇನ್ನೂರು ಲೀಟರಿನ ತೊಟ್ಟಿ ಇಡಬೇಕು. ಹವಳ ಇಲ್ಲಿ, ದೀಪ ಇಲ್ಲಿ, ಹದಿನಾಲ್ಕು ಮೀನು. ಸರಿಯಿದೆಯಾ ನೋಡಿ."

ಮಾಸ್ತರ್ರು ನಕ್ಷೆ ಬಿಡಿಸಲೇ ಇಲ್ಲ. ಒಳಗಿನಿಂದ ಒಂದು ಕೊಡ ತಂದು ಕೊಟ್ಟರು.

"ತಾರಸಿಯ ಮೇಲೆ ಒಂದು ಟಬ್ ಇದೆ. ಬಾವಿಯಿಂದ ನೀರು ಸೇದಿ ತುಂಬು, ತಂಗಿ. ಸರಿಯಾಗಿ ಇನ್ನೂರು ಲೀಟರು."

ಮುಕ್ತಾ ಸೆರಗು ಸಿಕ್ಕಿಸಿ ಹೊರಟಳು. ನಾಲ್ಕನೇ ಕೊಡ ಸುರಿದವಳು ಮೆಟ್ಟಿಲ ಮೇಲೆಯೇ ಕೂತಳು.

"ಇನ್ನು ಹತ್ತೇ ಕೊಡ" ಎಂದರು ಮಾಸ್ತರ್ರು, ಎಲೆಅಡಿಕೆಯ ಕವಳ ಹಾಕುತ್ತ.

"ಮಾಸ್ತರ್ರೆ, ಅರವತ್ತು ಲೀಟರಿನ ತೊಟ್ಟಿಯೇ ಸಾಕು."

"ಹಾಗಾದರೆ ತುಂಬಿಯಾಯಿತು. ಇಳಿದು ಬಾ."

ಅವಳು ಬಂದು ನೀರು ಕುಡಿದು ಸುಧಾರಿಸಿಕೊಂಡಳು. ಮಾಸ್ತರ್ರು ಕೇಳಿದರು:

"ನಿನ್ನ ಕೆಳಗಿನ ಮನೆಯಲ್ಲಿ ಯಾರಿದ್ದಾರೆ?"

ಮುಕ್ತಾಳ ಮುಖ ಸಣ್ಣದಾಯಿತು. ಕೆಳಗಿದ್ದವರು ಇಂದುಮತಿ. ಎರಡು ವರ್ಷದ ಹಿಂದೆ ಇವಳ ಬಾಲ್ಕನಿಯ ಹೂಕುಂಡದ ನೀರು ಅವರ ಹಲಸಿನ ಹಪ್ಪಳದ ಮೇಲೆ ಸುರಿದಿತ್ತು. ಮಾತಿಗೆ ಮಾತು ಬೆಳೆದು, ಅಂದಿನಿಂದ ಲಿಫ್ಟಿನಲ್ಲಿ ಎದುರಾದರೂ ಇಬ್ಬರೂ ಗೋಡೆ ನೋಡುತ್ತಿದ್ದರು.

"ನಾವು ಮಾತಾಡುವುದಿಲ್ಲ" ಎಂದಳು.

"ಕೆಳಗೆ ಸಿಟ್ಟು ಇಟ್ಟು ಅದರ ಮೇಲೆ ಸಮುದ್ರ ಇಡುತ್ತೀಯಾ? ಹೋಗಿ ಬಾ."

"ಅದಕ್ಕೂ ತೊಟ್ಟಿಗೂ ಏನು ಸಂಬಂಧ, ಮಾಸ್ತರ್ರೆ?"

ಮಾಸ್ತರ್ರು ಆಗಲೇ ಮೀನಿಗೆ ಆಹಾರ ಹಾಕುತ್ತಿದ್ದರು.

ಮೂರು ದಿನ ಮುಕ್ತಾ ಕೆಳಗಿನ ಮನೆಯ ಬಾಗಿಲವರೆಗೆ ಹೋಗಿ ಹೋಗಿ ವಾಪಸು ಬಂದಳು. ನಾಲ್ಕನೇ ದಿನ ಬೆಲ್ ಒತ್ತಿದಳು.

"ಇಂದಕ್ಕಾ, ಅವತ್ತು ತಪ್ಪು ನನ್ನದೇ. ನೀರು ನೋಡಿ ಹಾಕಬೇಕಿತ್ತು."

ಇಂದುಮತಿ ಬಾಗಿಲಲ್ಲೇ ನಿಂತಿದ್ದರು. "ಎರಡು ವರ್ಷ ಬೇಕಾಯಿತೇನೇ ಇಷ್ಟು ಹೇಳಲು? ಸರಿ, ಈಗ ಏನು ಬೇಕು ಹೇಳು."

ಮುಕ್ತಾ ತೊಟ್ಟಿಯ ವಿಷಯ ಹೇಳಿದಳು.

"ಅಯ್ಯೋ ದೇವರೇ! ಅಂದು ಹೂಕುಂಡ, ಇಂದು ಸಮುದ್ರವೇ?" ಎಂದು ಇಂದುಮತಿ ಹಣೆ ಹಣೆ ಬಡಿದುಕೊಂಡು ನಕ್ಕರು. ಆಮೇಲೆ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ನಕ್ಷೆಯಲ್ಲಿ ತೊಟ್ಟಿ ಇದ್ದ ಜಾಗದ ನೇರ ಕೆಳಗೆ ಇಂದುಮತಿಯ ಮಾವನ ಮಂಚವಿತ್ತು. ಮುದುಕರು ಹಾಯಾಗಿ ಗೊರಕೆ ಹೊಡೆಯುತ್ತಿದ್ದರು.

ಮುಕ್ತಾ ತಲೆಯೆತ್ತಿ ನೋಡಿದಳು. ಮಂಚದ ಮೇಲೆ ಬರೀ ಸ್ಲ್ಯಾಬು. ಅಲ್ಲಿಂದ ಆರಡಿ ಆಚೆ, ಗೋಡೆಯ ಬದಿಗೆ, ದಪ್ಪನೆಯ ಕಾಂಕ್ರೀಟ್ ತೊಲೆ. ತನ್ನ ನೆಲದಡಿ ಅದು ಎಲ್ಲಿ ಹಾದಿದೆಯೆಂದು ಮೇಲಿದ್ದವಳಿಗೆ ಗೊತ್ತೇ ಇರಲಿಲ್ಲ.

ಮರುದಿನ ಕಟ್ಟಡದ ಎಂಜಿನಿಯರನ್ನು ಕರೆಸಿ ತೋರಿಸಿದಳು. ಅರವತ್ತು ಲೀಟರು, ತೊಲೆಯ ಮೇಲೆ, ಗೋಡೆಗೆ ಒತ್ತಿ ಇಟ್ಟರೆ ಚಿಂತೆಯಿಲ್ಲ ಎಂದ. ಹಳೆಯ ನಕ್ಷೆ ಹರಿದು ಹೊಸದು ಬರೆದು ಮಾಸ್ತರ್ರ ಬಳಿ ಓಡಿದಳು.

ಈ ಸಲ ಮಾಸ್ತರ್ರು ಬಿಡಿಸಿ ನೋಡಿದರು. ಮೀನಿನ ಪಟ್ಟಿಯಲ್ಲಿ ಎರಡನ್ನು ಬಿಟ್ಟು ಉಳಿದದ್ದಕ್ಕೆಲ್ಲ ಗೀಟು ಹಾಕಿದರು. ತಮ್ಮ ತೊಟ್ಟಿಯಿಂದ ಒಂದು ಕಲ್ಲು ತೆಗೆದು, ಉಪ್ಪುನೀರು ತುಂಬಿದ ಡಬ್ಬಿಯಲ್ಲಿಟ್ಟು ಕೊಟ್ಟರು.

"ಇದನ್ನು ನೀನು ತೊಟ್ಟಿಗೆ ತರುವ ಕಲ್ಲುಗಳ ನಡುವೆ ಇಡು. ಆಮೇಲೆ ಕಾಯಿ."

"ಎಷ್ಟು ದಿನ?"

"ನೀನು ಎಣಿಸುವುದನ್ನು ಬಿಡುವವರೆಗೆ."

ತೊಟ್ಟಿ ಬಂತು, ಉಪ್ಪು ಬೆರೆಸಿದ್ದಾಯಿತು, ಕಲ್ಲು ಜೋಡಿಸಿದ್ದಾಯಿತು, ಪಂಪು ಗುಂಯ್‌ಗುಟ್ಟಿತು. ಮೀನಿಲ್ಲದ ನೀರನ್ನು ಮುಕ್ತಾ ದಿನಾ ಲ್ಯಾಬಿನ ಶಿಸ್ತಿನಲ್ಲಿ ಪರೀಕ್ಷೆ ಮಾಡಿದಳು. ಹೊಸ ತೊಟ್ಟಿಯ ನೀರಲ್ಲಿ ಹುಟ್ಟುವ, ಮೀನಿಗೆ ಆಗದ ವಿಷದ ಅಂಶ ಇಳಿಯುತ್ತ ಬರುತ್ತಿತ್ತು, ಪೂರ್ತಿ ಹೋಗಿರಲಿಲ್ಲ. ಸಂಜೆ ಇಂದುಮತಿ ಮೇಲೆ ಬಂದು, "ಕಲ್ಲು ಸಾಕುತ್ತಿದ್ದೀಯೇನೇ? ಮೇವು ಏನು ಹಾಕುತ್ತೀ?" ಎಂದು ತಮಾಷೆ ಮಾಡುತ್ತಿದ್ದರು.

ಒಂದು ದಿನ ನೀರು ಎರಡು ಬೆರಳು ಇಳಿದಿತ್ತು. ಮುಕ್ತಾ ಉಪ್ಪುನೀರಿನ ಬಕೆಟ್ ಎತ್ತಿದಳು.

"ತಡಿಯೇ" ಎಂದರು ಇಂದುಮತಿ. "ಒಲೆ ಮೇಲೆ ಸಾರು ಬತ್ತಿದರೆ ಉಪ್ಪು ಹಾಕುತ್ತೀಯೋ, ನೀರು ಹಾಕುತ್ತೀಯೋ?"

ಮುಕ್ತಾ ಬಕೆಟ್ ಕೆಳಗಿಟ್ಟು ಶುದ್ಧ ನೀರು ತಂದಳು. ಈ ಸುದ್ದಿ ಕೇಳಿ ಮಾಸ್ತರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇನ್ನು ಅರ್ಧ ಪಾಠ ಅವರ ಹತ್ತಿರವೇ ಹೇಳಿಸಿಕೋ."

ಐದನೇ ವಾರ ತೊಟ್ಟಿ ನೋಡಲು ಮಾಸ್ತರ್ರು ಬರುವುದೆಂದಾಯಿತು. ಅವರು ಬರುವ ದಿನವೇ ಬೆಳಿಗ್ಗೆ ಗಾಜಿನ ಮೇಲೆಲ್ಲ ಕಂದು ಪಾಚಿ! ಮುಕ್ತಾಳಿಗೆ ಅಳುವೇ ಬಂತು. ನಾಳೆ ಎರಡು ಮೀನು ತರುವುದೆಂದು ಅಂಗಡಿಗೆ ಹೇಳಿಟ್ಟಿದ್ದಳು, ಲ್ಯಾಬಿನವರನ್ನೂ ಕರೆದಿದ್ದಳು. ಸ್ಪಂಜು ಹಿಡಿದು ಗಾಜಿಗೆ ಕೈ ಹಾಕಿದಳು.

ಅಷ್ಟರಲ್ಲಿ ಮಾಸ್ತರ್ರು ಇಂದುಮತಿಯ ಜೊತೆ ಬಾಗಿಲಲ್ಲಿದ್ದರು. ಬಂದವರೇ ಅವಳ ಮಣಿಕಟ್ಟು ಹಿಡಿದರು. ಜೇಬಿನಿಂದ ಭೂತಗನ್ನಡಿ ತೆಗೆದು ಅವಳ ಕೈಗಿತ್ತರು.

ಮುಕ್ತಾ ಬಗ್ಗಿ ನೋಡಿದಳು. ಪಾಚಿಯ ಮೇಲೆ ರವೆಗಿಂತ ಸಣ್ಣ ಬಿಳಿ ಜೀವಿಗಳು, ಹತ್ತಲ್ಲ, ನೂರಾರು. ಓಡುತ್ತಿದ್ದವು, ನಿಲ್ಲುತ್ತಿದ್ದವು, ಮೇಯುತ್ತಿದ್ದವು. ಅವು ಹಾದುಹೋದಲ್ಲಿ ಗಾಜು ಕೂದಲೆಳೆಯಷ್ಟು ತಿಳಿಯಾಗಿತ್ತು.

"ಇಂದಕ್ಕಾ, ಇಲ್ಲಿ ನೋಡಿ, ಇಲ್ಲಿ!" ಎಂದು ಅವಳು ಕೂಗಿದಳು. ಇಂದುಮತಿ ಅವಳನ್ನು ಪಕ್ಕಕ್ಕೆ ತಳ್ಳಿಯೇ ಕಣ್ಣು ಹಚ್ಚಿದರು.

"ಇವನ್ನು ನಾನು ತಂದಿಲ್ಲವಲ್ಲ, ಮಾಸ್ತರ್ರೆ?"

"ನನ್ನ ಕಲ್ಲಿನಲ್ಲಿ ಕೂತು ಬಂದವು."

ಮುಕ್ತಾ ಸ್ಪಂಜು ಕೆಳಗಿಟ್ಟಳು. ಆದರೂ ಮನಸ್ಸು ತಡೆಯಲಿಲ್ಲ.

"ಹಾಗಾದರೆ ಗಾಜು ಯಾವಾಗ ಒರೆಸಲಿ? ಮೀನು ಯಾವಾಗ ತರಲಿ?"

ಮಾಸ್ತರ್ರು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು.

"ಮೊದಲ ಪಂಕ್ತಿ ಊಟಕ್ಕೆ ಕೂತಿದೆ, ತಂಗಿ. ಎಲೆ ಎತ್ತಬೇಡ."