ರುಮಾಲು ಬಿಚ್ಚಿದ ಮೇಲೆ

"ಗುರುಗಳೇ, ಮಕ್ಕಳನ್ನು ಯಾವ ದೃಶ್ಯಕ್ಕೆ ಎಬ್ಬಿಸಿಕೊಂಡು ಬರಬೇಕು?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಹತ್ತನೆಯ ತರಗತಿಗೆ ಪಾಠ ಹೇಳುವವನು. ಪೇಟೆಯ ಟಾಕೀಸಿಗೆ ಒಂದು ಚಿತ್ರ ಬಂದಿತ್ತು. ಪ್ರೇಮದ ಕತೆ, ನಗಿಸುವ ಕತೆ, ನಡುನಡುವೆ ಪೋಲಿ ಮಾತು. ಮಕ್ಕಳು ಹೋಗಬೇಕೆಂದು ಹಟ ಹಿಡಿದಿದ್ದರು. ಮೇಷ್ಟ್ರು ನೋಡಿ ಬಂದು ಹೂಂ ಎಂದರೆ ಕಳಿಸುತ್ತೇವೆ ಎಂದು ಹೆತ್ತವರು ಹೇಳಿದ್ದರು. ಶಿಷ್ಯ ಮಧ್ಯಾಹ್ನದ ಆಟಕ್ಕೆ ಹೋದ. ಆಟ ಬಿಡಲು ಇನ್ನೂ ಒಂದು ಗಂಟೆ ಇರುವಾಗಲೇ ಮಠದ ಮೆಟ್ಟಿಲ ಮೇಲೆ ಬಂದು ನಿಂತಿದ್ದ.

ಮೊದಲರ್ಧ ಚೆನ್ನಾಗಿದೆ ಎಂದು ಅವನು ವಿವರಿಸಿದ. ಹಾಡಿದೆ, ಕಣ್ಣೀರಿದೆ, ಒಬ್ಬರಿಗಾಗಿ ಒಬ್ಬರು ಕಾಯುವುದಿದೆ. ಯಾರು ಬೇಕಾದರೂ ನೋಡಬಹುದು. ವಿರಾಮದ ನಂತರ ಮಾತು ಕೆಡುತ್ತದೆ. ವಿರಾಮಕ್ಕೆ ಎಬ್ಬಿಸಿಕೊಂಡು ಬಂದರೆ ಮಕ್ಕಳಿಗೂ ಸಂತೋಷ, ಹೆತ್ತವರಿಗೂ ಸಮಾಧಾನ ಎಂಬುದು ಅವನ ಯೋಚನೆ.

ಗುರುಗಳು ಅವನಿಗೆ ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನ ಹೆಂಡತಿ ಇದ್ದಳು. ಅವಳ ತವರು ದೊಡ್ಡ ಹೊಳೆಯ ಆಚೆ, ದಾಟಿದ ಮೇಲೆ ಮತ್ತೆ ಎರಡು ದಿನದ ದಾರಿ. ಮದುವೆಯಾಗಿ ಬಂದ ದಿನ ಊರಿನವರು ಅವಳನ್ನು ಆಚೆಯವಳು ಎಂದು ಕರೆದರು. ಮಕ್ಕಳಾದ ಮೇಲೂ ಆಚೆಯವಳೇ. ತಲೆ ನರೆತ ಮೇಲೆ ಆಚೆಯಜ್ಜಿ ಎಂದರು.

ಅವಳ ತವರಿನ ಸೀಮೆಯಲ್ಲಿ ಒಂದು ಆಟವಿತ್ತು. ಸುಗ್ಗಿ ಮುಗಿದ ಮೇಲೆ ಮೇಳದವರು ಬಂದು ಕಣದಲ್ಲಿ ಆಡುತ್ತಿದ್ದರು. ಹೊತ್ತು ಇಳಿಯುವಾಗ ಶುರುವಾಗಿ ದೀಪ ಹಚ್ಚುವ ವೇಳೆಗೆ ಮುಗಿಯುವ ಆಟ. ಅದಕ್ಕೆ ಒಂದು ಪದ್ಧತಿ ಇತ್ತು. ಅರ್ಧ ಆಟವಾದಾಗ ಹಾಸ್ಯಗಾರ ಮುಂದೆ ಬಂದು, ತಲೆಗೆ ಸುತ್ತಿದ ರುಮಾಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಇನ್ನು ಮುಂದೆ ಮಾತು ಸಡಿಲವಾಗುತ್ತದೆ ಎಂದು ಅದರ ಅರ್ಥ. ಆಗ ಹಿರಿಯರು ಮದುವೆಯಾಗದವರನ್ನೆಲ್ಲ ಎಬ್ಬಿಸಿ ಮನೆಗೆ ಕರೆದುಕೊಂಡು ಹೋಗುತ್ತಿದ್ದರು. ಅವರು ಕಣ ದಾಟುವವರೆಗೆ ಹಾಸ್ಯಗಾರ ಬಾಯಿ ತೆರೆಯುತ್ತಿರಲಿಲ್ಲ.

ಹದಿನೈದು ವರ್ಷದವಳಿದ್ದಾಗ ಅವಳು ಮೊದಲ ಸಲ ಆ ಆಟಕ್ಕೆ ಹೋದಳು. ಆಟದಲ್ಲಿ, ಬಾವಿಯ ಕಟ್ಟೆಯ ಮೇಲೆ ಒಬ್ಬ ಹುಡುಗಿ ನೀರು ಸೇದುತ್ತಿದ್ದಾಳೆ. ಕುದುರೆಯ ಮೇಲೆ ಒಬ್ಬ ಬರುತ್ತಾನೆ, ನೀರು ಕೇಳುತ್ತಾನೆ. ಕುಡಿಯುತ್ತ ಅವಳ ಮುಖ ನೋಡುತ್ತಾನೆ. ಹೊರಡುವಾಗ, ನಿನ್ನ ಕೊಡದ ನೀರು ನಿನ್ನೆಯದಾಗುವ ಮೊದಲು ಬರುತ್ತೇನೆ ಎಂದು ಹಾಡುತ್ತಾನೆ. ಅವನು ಹೋಗುತ್ತಾನೆ. ಹುಡುಗಿ ದಿನವೂ ಕೊಡದ ನೀರು ಚೆಲ್ಲಿ ಹೊಸ ನೀರು ತುಂಬಿ ದಾರಿ ನೋಡುತ್ತಾಳೆ. ನೋಡುತ್ತ ಅವಳೂ ಹಾಡುತ್ತಾಳೆ.

ಅಷ್ಟರಲ್ಲಿ ಹಾಸ್ಯಗಾರ ಬಂದು ರುಮಾಲು ಬಿಚ್ಚಿದ. ಸೋದರತ್ತೆ ಅವಳ ಕೈ ಹಿಡಿದು ಎಬ್ಬಿಸಿದಳು.

ಕಣ ದಾಟಿ ಬೇಲಿಯ ಬಳಿ ಬಂದಾಗ ಹಿಂದಿನಿಂದ ಇಡೀ ಊರು ನಕ್ಕಿದ್ದು ಕೇಳಿಸಿತು. ಅವಳು ನಿಂತಳು.

"ಅತ್ತೆ, ಆಮೇಲೆ ಅವನು ಬಂದನೇ?"

"ಅದೆಲ್ಲ ಮದುವೆಯಾದ ಮೇಲೆ ಗೊತ್ತಾಗುತ್ತದೆ, ನಡೆ" ಎಂದಳು ಅತ್ತೆ.

ಮುಂದಿನ ವರ್ಷವೂ ಮೇಳ ಬಂತು, ಅದರ ಮುಂದಿನ ವರ್ಷವೂ ಬಂತು. ಅವಳು ಮೂರು ಸಲ ಅರ್ಧ ನೋಡಿದಳು, ಮೂರು ಸಲ ಎದ್ದಳು. ಹದಿನೆಂಟಕ್ಕೆ ಅವಳ ಮದುವೆಯಾಯಿತು. ಈಗ ಪೂರ್ತಿ ಆಟ ನೋಡುವ ಹಕ್ಕು ಬಂತು. ಆದರೆ ಆ ಮೇಳ ಹೊಳೆ ದಾಟಿ ಬರುವುದಿಲ್ಲ. ಅವಳು ತವರಿಗೆ ಹೋಗೋಣವೆಂದರೆ, ತವರಿನಲ್ಲಿ ಆಟ ನಡೆಯುವ ದಿನಗಳೂ ಗಂಡನ ಮನೆಯಲ್ಲಿ ಹೊಸ ಕುಸುಬೆ ಗಾಣಕ್ಕೆ ಬರುವ ದಿನಗಳೂ ಒಂದೇ. ಗಾಣ ಬಿಟ್ಟು ಯಾರು ಹೊಳೆ ದಾಟುತ್ತಾರೆ?

ಗಾಣಿಗ ಒಳ್ಳೆಯವನು. ಹಗಲೆಲ್ಲ ಎತ್ತಿನ ಹಿಂದೆ ಸುತ್ತಿ, ತಲೆಗೂದಲಿಗೆಲ್ಲ ಎಣ್ಣೆ ಮೆತ್ತಿಕೊಂಡು ಮನೆಗೆ ಬರುತ್ತಿದ್ದ. ಹಿಂಡಿ ತುಂಬುವ ಬುಟ್ಟಿಯನ್ನು ತಲೆಗೆ ಕಿರೀಟದಂತೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಎತ್ತು ತನ್ನ ಬಗ್ಗೆ ಏನು ಚಾಡಿ ಹೇಳಿತು ಎಂದು ಎತ್ತಿನ ದನಿಯಲ್ಲೇ ಹೇಳುತ್ತಿದ್ದ. ಕೆಲವು ಮಾತು ಅತ್ತೆ ಮಾವಂದಿರ ಮುಂದೆ ಹೇಳುವಂಥವಲ್ಲ. ಅವನ್ನು ಅವಳ ಕಿವಿಯ ಹತ್ತಿರ ಬಂದು ಹೇಳುತ್ತಿದ್ದ. ಅವಳು ಮುಖ ಆಚೆ ತಿರುಗಿಸುತ್ತಿದ್ದಳು. ಕುದುರೆಯ ಮೇಲೆ ಬರುವವನು ಬುಟ್ಟಿ ಹೊತ್ತುಕೊಂಡು ಬರುವುದಿಲ್ಲ ಎಂದು ಅವಳ ಮನಸ್ಸು ಹೇಳುತ್ತಿತ್ತು.

ಅವಳು ಬೆಳಗ್ಗೆ ಎದ್ದ ಕೂಡಲೇ ನಿನ್ನೆಯ ನೀರು ಚೆಲ್ಲಿ ಹೊಸ ನೀರು ತುಂಬುತ್ತಿದ್ದಳು. ತುಂಬಿದ ಕೊಡ ಇಳಿಸಿ, ಹೊಳೆಯ ದಾರಿಯ ಕಡೆ ಒಮ್ಮೆ ನೋಡುತ್ತಿದ್ದಳು. ಸೊಸೆ ಬಹಳ ಶುಚಿ ಎಂದು ಅತ್ತೆ ನಾಲ್ಕು ಮನೆಗೆ ಹೇಳಿಕೊಂಡು ಬಂದಳು. ತವರಿನ ನೆನಪು ಎಂದು ಗಾಣಿಗ ತಿಳಿದ. ಅದೂ ಸುಳ್ಳಲ್ಲ. ಅವಳಿಗೆ ತವರು ಬೇರೆ, ಆ ಬಾವಿಯ ಕಟ್ಟೆ ಬೇರೆ ಆಗಿರಲಿಲ್ಲ.

ಉಳಿದರ್ಧ ಆಟವನ್ನು ಅವಳು ತಾನೇ ಕಟ್ಟಿದಳು. ರೊಟ್ಟಿ ತಟ್ಟುವಾಗ ಸ್ವಲ್ಪ, ತೊಟ್ಟಿಲು ತೂಗುವಾಗ ಸ್ವಲ್ಪ. ಅದರಲ್ಲಿ ಅವನು ಬಂದ, ಬರಲಿಲ್ಲ, ಸತ್ತ, ಬದುಕಿ ಮತ್ತೆ ಬಂದ. ಪ್ರತಿ ಸಲವೂ ಮೊದಲಿಗಿಂತ ಚೆಲುವನಾಗಿ ಬಂದ. ಅಂದು ಬೇಲಿಯ ಬಳಿ ಕೇಳಿಸಿದ ನಗು ಒಂದೇ ಅವಳಿಗೆ ಅರ್ಥವಾಗದೆ ಉಳಿಯಿತು. ಅಂಥ ಪ್ರೀತಿಯ ಮುಂದೆ ಕೂತು ನಗುವವರು ಎಂಥ ಜನ ಎಂದುಕೊಂಡಳು. ಒಮ್ಮೆ ತವರಿಗೆ ಹೋದಾಗ ಅಕ್ಕನನ್ನು ಕೇಳಿದಳು. ಅಕ್ಕ ಹೇಳಲು ಬಾಯಿ ತೆರೆದು, ನಗು ತಡೆಯಲಾರದೆ ಗೋಡೆಗೆ ಒರಗಿದಳು. ನಗುವವರ ಬಾಯಿಂದ ಅದನ್ನು ಕೇಳಲಾರೆ ಎಂದು ಅವಳು ಎದ್ದು ಹೋದಳು. ಆ ಸಲ ಅವಳನ್ನು ಯಾರೂ ಎಬ್ಬಿಸಲಿಲ್ಲ.

ವರ್ಷಗಳು ಕಳೆದವು. ಗಾಣಿಗನ ಬುಟ್ಟಿ ಬರಿಯ ಬುಟ್ಟಿಯಾಯಿತು. ಎತ್ತು ಮಾತು ನಿಲ್ಲಿಸಿತು. ಒಂದು ದಿನ ಅವನು, ನಿಮ್ಮ ಕಡೆಯ ಹಾಡು ಒಂದಾದರೂ ಹೇಳು, ನಾನು ಕೇಳಿಯೇ ಇಲ್ಲ ಎಂದ. ನನಗೆ ಅರ್ಧವೇ ಬರುತ್ತದೆ ಎಂದಳು. ಅರ್ಧವನ್ನೇ ಹೇಳು ಎಂದ. ಅವಳು ಹೇಳಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಹಾಗೇ ಮುದುಕನಾಗಿ ತೀರಿಕೊಂಡ.

ಅವನು ಹೋಗಿ ಮೂರು ವರ್ಷಕ್ಕೆ ಹೊಳೆಗೆ ಸೇತುವೆಯಾಯಿತು. ಸೇತುವೆಯ ಮೇಲೆ ಮೊದಲ ಸಲ ಬಂದ ಗಾಡಿಗಳಲ್ಲಿ ಆ ಮೇಳದ ಗಾಡಿಯೂ ಇತ್ತು. ಈ ಊರಿನಲ್ಲಿ ಎರಡು ದಿನ ಆಡುತ್ತೇವೆ ಎಂದರು. ಅದು ಪೋಲಿ ಆಟವಂತೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಊರಿನಲ್ಲಿ ಹದಿನೈದು ಹದಿನಾರರ ಹುಡುಗ ಹುಡುಗಿಯರು ತುಂಬ ಇದ್ದರು. ಹಿರಿಯರು ಆಚೆಯಜ್ಜಿಯ ಮನೆಗೆ ಬಂದರು. ನಿಮ್ಮ ಸೀಮೆಯ ಆಟ, ನಿಮಗೇ ಗೊತ್ತು, ಮಕ್ಕಳು ನೋಡಬಹುದೋ ಬಾರದೋ ನೀವೇ ಹೇಳಬೇಕು ಎಂದರು. ಅವಳಿಗೆ ಅಂಥ ಗೌರವ ಆ ಊರಿನಲ್ಲಿ ಅದೇ ಮೊದಲು ಸಿಕ್ಕಿದ್ದು. ತಾನು ನೋಡಿದ್ದು ಅರ್ಧವೇ ಎಂದು ಹೇಳಲು ಬಾಯಿ ಬರಲಿಲ್ಲ. ರುಮಾಲಿನ ಪದ್ಧತಿ ತಿಳಿಸಿದಳು. ಅಲ್ಲಿಯವರೆಗೆ ಏನೂ ತೊಂದರೆಯಿಲ್ಲ, ಅಲ್ಲಿಗೆ ಎಬ್ಬಿಸಿಬಿಡಿ ಎಂದಳು. ಹಿರಿಯರು ತಲೆದೂಗಿ ಹೋದರು.

ಮೊದಲ ದಿನ ಅವಳು ಹದಿನಾರು ವರ್ಷದ ಮೊಮ್ಮಗಳು ನಿಂಗವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದಳು. ಅದೇ ಬಾವಿ, ಅದೇ ಕೊಡ, ಅದೇ ಹಾಡು. ಒಂದು ಮಾತೂ ಬದಲಾಗಿರಲಿಲ್ಲ. ಹಾಸ್ಯಗಾರ ರುಮಾಲು ಬಿಚ್ಚಿದ. ನಿಂಗವ್ವನನ್ನು ಅವಳ ತಾಯಿ ಕರೆದುಕೊಂಡು ಹೋದಳು. ಆಚೆಯಜ್ಜಿ ಏಳಲಿಲ್ಲ.

ಅವನು ಬಂದ. ಕುದುರೆ ಇರಲಿಲ್ಲ. ಅದು ಅವನ ಯಜಮಾನನ ಕುದುರೆ. ಇವನು ಅದಕ್ಕೆ ಹುಲ್ಲು ಹಾಕುವವನು. ಹುಡುಗಿ ಪೊರಕೆ ತೆಗೆದುಕೊಂಡಳು. ಅವನು ಅವಳಪ್ಪನಿಗೆ ಹೆದರಿ ಗುಡಾಣದೊಳಗೆ ಅಡಗಿದ. ಹೇಗೋ ಮದುವೆಯಾಯಿತು. ಮೊದಲ ರಾತ್ರಿ ಮಂಚ ಮುರಿಯಿತು. ಏನೇ ಅದು ಬಿದ್ದದ್ದು ಎಂದು ನೆರೆಮನೆಯ ಮುದುಕಿ ಗೋಡೆಯಾಚೆಯಿಂದ ಕೂಗಿದಳು. ಮಂಚ, ಅತ್ತೆ, ನಾವಿನ್ನೂ ಬಿದ್ದಿಲ್ಲ ಎಂದಳು ಹುಡುಗಿ. ಇಡೀ ಊರು ನಕ್ಕಿತು. ಅವನಿಗೆ ಗೊರಕೆ. ಅವನಿಗೆ ಹಲ್ಲಿ ಕಂಡರೆ ಭಯ. ಹುಡುಗಿ ಮುನಿಸಿಕೊಂಡು ಮೂಲೆಯಲ್ಲಿ ಕೂತಾಗ ಅವನು ಖಾಲಿ ಬುಟ್ಟಿಯನ್ನು ತಲೆಗೆ ಹಾಕಿಕೊಂಡು, ರಾಜನಂತೆ ನಡೆದು ಬಂದು ಅವಳ ಮುಂದೆ ನಿಂತ.

ಹುಡುಗಿ ನಕ್ಕಳು. ನಗುತ್ತ ಕೈ ಚಾಚಿದಳು.

ಆಮೇಲೆ ಇಬ್ಬರೂ ಬಾವಿಯ ಕಟ್ಟೆಗೆ ಬಂದು ಮೊದಲಿನ ಹಾಡನ್ನೇ ಹಾಡಿದರು. ಮಾತು ಮಾತ್ರ ಬೇರೆ. ನಿನ್ನೆಯ ನೀರು ಗಿಡಕ್ಕೆ ಚೆಲ್ಲು, ಹಗ್ಗದ ಒಂದು ತುದಿ ನನಗೆ ಕೊಡು ಎಂದು ಅವನು ಹಾಡಿದ. ಆಟ ಮುಗಿಯಿತು.

ಆಚೆಯಜ್ಜಿ ಕೂತಲ್ಲೇ ಕೂತಿದ್ದಳು. ಅವಳ ಕಣ್ಣು ಒದ್ದೆಯಾಗಿದ್ದು ಕಂಡು ಪಕ್ಕದವರು, ಪಾಪ, ತವರು ನೆನಪಾಯಿತು ಎಂದರು.

ಮರುದಿನ ಬೆಳಗ್ಗೆ ಅವಳು ಹಿತ್ತಲಿಗೆ ಹೋದಳು. ನಿಂಗವ್ವ ಅವಳಿಗಿಂತ ಮೊದಲೇ ಎದ್ದು ನಿನ್ನೆಯ ನೀರು ಚೆಲ್ಲುತ್ತಿದ್ದಳು. ಹೊಸ ನೀರು ತುಂಬಿ, ಕೊಡ ಇಳಿಸಿ, ಸೇತುವೆಯ ಕಡೆ ನೋಡಿದಳು. ಆ ಮುಖವನ್ನು ಮುದುಕಿ ಕನ್ನಡಿಯಲ್ಲಿ ನೋಡಿದ್ದಳು.

"ಅಜ್ಜಿ, ಆಮೇಲೆ ಅವನು ಬಂದನಾ?"

ಸೋದರತ್ತೆಯ ಮಾತು ಮುದುಕಿಯ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು.

"ಬಂದ. ಕುದುರೆ ಮಾತ್ರ ಅವನದಲ್ಲ. ಇವತ್ತು ಕೂತು ನೋಡು" ಎಂದಳು.

ಎರಡನೆಯ ದಿನ ಹಾಸ್ಯಗಾರ ರುಮಾಲು ಬಿಚ್ಚಿದಾಗ ಮಕ್ಕಳೆಲ್ಲ ಎದ್ದರು. ನಿಂಗವ್ವನೂ ಎದ್ದಳು. ಮುದುಕಿ ಅವಳ ಕೈ ಹಿಡಿದು ಮತ್ತೆ ಕೂರಿಸಿದಳು. ಮಕ್ಕಳು ಕಣ ದಾಟಿದರು. ಹಾಸ್ಯಗಾರ ನಿಂಗವ್ವನನ್ನು ನೋಡುತ್ತ ಬಾಯಿ ಮುಚ್ಚಿಕೊಂಡೇ ನಿಂತ. ಜನ ತಿರುಗಿ ನೋಡಿದರು. ಊರಿನ ಹಿರಿಯ ಎದ್ದು ಬಂದು, ರುಮಾಲು ಬಿಚ್ಚಿದ್ದಾನೆ ಅಜ್ಜಿ, ನೀವೇ ಹೇಳಿದ ಪದ್ಧತಿ ಎಂದ. ನಿಮ್ಮ ಮನೆಯ ಹುಡುಗಿಗೆ ಬೇರೆ ನ್ಯಾಯವೇ ಎಂದು ಹಿಂದಿನಿಂದ ಯಾರೋ ಅಂದರು.

"ನಾನೇ ಹೇಳಿದ್ದು. ನನಗೆ ಅಲ್ಲಿಯವರೆಗೆ ಮಾತ್ರ ಗೊತ್ತಿತ್ತು" ಎಂದಳು ಮುದುಕಿ.

ಜನ ಅವಳ ಮುಖ ನೋಡಿದರು. ಒಂದೇ ಮಾತಿನಲ್ಲಿ ಅವಳ ಹೊಸ ಗೌರವ ಹೋಯಿತು. ಅವಳು ಹಾಸ್ಯಗಾರನ ಕಡೆ ತಿರುಗಿ, ನೀನು ಶುರು ಮಾಡಪ್ಪ, ನಮಗೆ ತಡವಾಗಿದೆ ಎಂದಳು. ಅವನು ಶುರು ಮಾಡಿದ.

ಕುದುರೆ ಅವನದಲ್ಲ ಎಂದು ತಿಳಿದಾಗ ನಿಂಗವ್ವನ ಮುಖ ಬಾಡಿತು. ಗುಡಾಣದಿಂದ ಅವನ ಸೀನು ಕೇಳಿಸಿದಾಗ ತುಟಿ ಕಚ್ಚಿದಳು. ಮಂಚದ ಮಾತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಜ್ಜಿಯ ಹೆಗಲಿಗೆ ಬಿದ್ದು ನಕ್ಕಳು. ಅವಳ ಜತೆ ಮುದುಕಿಯೂ ನಕ್ಕಳು. ನಗುತ್ತಲೇ ಇನ್ನೊಂದು ಪಕ್ಕಕ್ಕೆ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಗಾಣಿಗ ಇದ್ದಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದ, ಎಲ್ಲರೂ ನಿಲ್ಲಿಸಿದ ಮೇಲೂ ನಗುತ್ತಿದ್ದ.

ಆಟ ಮುಗಿದ ಮೇಲೆ ಅವಳು ಮನೆಯೊಳಗೆ ಹೋಗಲಿಲ್ಲ. ಗಾಣದ ಕೊಟ್ಟಿಗೆಗೆ ಹೋದಳು. ಗಾಣ ನಿಂತು ಮೂರು ವರ್ಷವಾಗಿತ್ತು. ಮರದಲ್ಲಿ ಎಣ್ಣೆಯ ವಾಸನೆ ಇನ್ನೂ ಇತ್ತು. ಗೂಟಕ್ಕೆ ಹಿಂಡಿಯ ಬುಟ್ಟಿ ನೇತುಹಾಕಿತ್ತು. ಅವಳು ಅದನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೂತು, ಅವನು ಕೇಳಿದ್ದ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಪೂರ್ತಿ ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಹಾಗಾದರೆ ಎಲ್ಲ ವಯಸ್ಸಿನವರಿಗೂ ಎಲ್ಲವನ್ನೂ ತೋರಿಸಬಹುದು ಎಂದು ಅರ್ಥವೇ ಎಂದು ಶಿಷ್ಯ ಕೇಳಿದ.

ಗುರುಗಳು ಪೇಟೆಯ ದಾರಿಯ ಕಡೆ ಒಮ್ಮೆ ನೋಡಿ ಕೇಳಿದರು:

"ನೀನು ಅರ್ಧಕ್ಕೆ ಎದ್ದು ಬಂದೆಯಲ್ಲ, ಉಳಿದರ್ಧವನ್ನು ಮನಸ್ಸಿನಲ್ಲಿ ಏನೆಂದು ಕಟ್ಟಿಕೊಂಡಿದ್ದೀಯ?"