ಗೊಬ್ಬರವಾಗದ ಹೊಲಸು

"ಕೇಳ್ರಪ್ಪೋ ಕೇಳಿ! ಕಡೇಗಲ್ಲಿನ ದೊರೆ ಚೆಲುವರಾಯರ ಅಪ್ಪಣೆ! ಕುಮಾರಿ ನೀಲಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಕುಮಾರಿಯನ್ನು ಧಾರೆ ಎರೆದು ಅರ್ಧ ಸೀಮೆ ಕೊಡಲಾಗುವುದು. ಒಂದು ತಪ್ಪಿದರೂ ತಲೆ ಕೋಟೆ ಬಾಗಿಲಿನ ಕಂಬಕ್ಕೆ!"

ಒಗಟು ನೀಲಾಜಿಯದು, ಕತ್ತಿ ಅಪ್ಪನದು.

ಅರಮನೆಯ ಅಡುಗೆಮನೆಗೆ ದೂರದ ಸಂತೆಯಿಂದ ಬರುತ್ತಿದ್ದ ಬಾಡಿದ ಬದನೆ, ಹುಳುಕು ಬೆಂಡೆ ಕಂಡು ಓಕರಿಸಿ, ನೀಲಾಜಿ ಮೂರು ವರ್ಷದ ಹಿಂದೆ ಅಂತಃಪುರದ ಹಿತ್ತಲನ್ನು ತಾನೇ ಅಗೆದಿದ್ದಳು. ಆ ಸೀಮೆಯ ಬೇಸಿಗೆಗೆ ಸೊಪ್ಪು ಸುಟ್ಟುಹೋಗುತ್ತಿತ್ತು, ಮಳೆಗಾಲಕ್ಕೆ ಬೇರು ಕೊಳೆಯುತ್ತಿತ್ತು. ಕಾರ್ತಿಕದಲ್ಲಿ ಬೀಜ ಹಾಕಿದರೆ ಮಾತ್ರ ಮಾಗಿಯ ಚಳಿಗೆ ಮೂಲಂಗಿ, ಮೆಂತ್ಯ, ಅವರೆ ನಳನಳಿಸುತ್ತಿದ್ದವು. ಒಗಟುಗಳೂ ಆ ಪಾತಿಗಳಲ್ಲೇ ಹುಟ್ಟಿದವು. ಮಣ್ಣು ಮುಟ್ಟಿ ಗೊತ್ತಿರುವ ಗಂಡು ಸಿಗಲಿ ಎಂಬುದಷ್ಟೇ ಅವಳ ಆಸೆ. "ಸೋತವನು ಊರೂರಲ್ಲಿ ನನ್ನ ಮಗಳ ಹೆಸರೆತ್ತಿ ನಗಬಾರದು" ಎಂದು ತಲೆಯ ಷರತ್ತು ಸೇರಿಸಿದವನು ದೊರೆ. ಅವಳು ಕಾಲು ಹಿಡಿದು ಅತ್ತರೂ ಅವನು ಕರಗಲಿಲ್ಲ.

ಮೊದಲ ವಾರದಲ್ಲೇ ಇಬ್ಬರು ರಾಜಕುಮಾರರ ತಲೆ ಕಂಬ ಸೇರಿದವು. ಗಾಳಿ ತಿರುಗಿದಾಗಲೆಲ್ಲ ನಾತ ಅವಳ ಕೋಣೆಯವರೆಗೂ ಬರುತ್ತಿತ್ತು. ತುತ್ತು ಬಾಯಿಗಿಡಲಾಗದೆ ತಟ್ಟೆ ಸರಿಸಿ ಏಳುತ್ತಿದ್ದಳು. ಅಪ್ಪನ ಮೇಲೆ, ಅತ್ತರು ಬಳಿದುಕೊಂಡು ಬರುವ ಗಂಡುಗಳ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಮರುವಾರ ಒಂದು ಮುಂಜಾನೆ ಮೂರನೆಯ ಒಗಟನ್ನೇ ಬದಲಿಸಿ, ಹೊಸದೂ ಸೇರಿದಂತೆ ಮೂರೂ ಉತ್ತರಗಳನ್ನು ಓಲೆಯಲ್ಲಿ ಬರೆದು ಕರಣಿಕ ವೆಂಕಣಯ್ಯನ ಕೈಗೆ ಕೊಟ್ಟಳು.

ಅಂದು ಬಂದವನು ತೊರೆನಾಡಿನ ದೊರೆಮಗ ಇಂದುಧರ. ಉಂಗುರಗಳ ಕೈಯನ್ನು ಎಲ್ಲರಿಗೂ ಕಾಣುವಂತೆ ಎದೆಯ ಮೇಲಿಟ್ಟುಕೊಂಡು ನಿಂತ.

ನೀಲಾಜಿ ಕೇಳಿದಳು. "ಹುಟ್ಟಿದಾಗ ಹೇಸಿಗೆ, ಕೊಳೆತ ಮೇಲೆ ಹಿತ. ಹೊಸದಾದರೆ ಸುಡುತ್ತದೆ, ಹಳತಾದರೆ ಸಾಕುತ್ತದೆ. ಯಾವುದದು?"

"ಕಸ್ತೂರಿ!"

"ಮೋಡವಿಲ್ಲದೆ ಬೀಳುತ್ತದೆ, ಸದ್ದಿಲ್ಲದೆ ನೆನೆಸುತ್ತದೆ, ಬಿಸಿಲು ಕಂಡರೆ ಓಡುತ್ತದೆ. ಅದನ್ನು ಕುಡಿದ ಕಾಯಿಯ ಕಂಪು ಕೈ ತೊಳೆದರೂ ಹೋಗುವುದಿಲ್ಲ. ಬೀಳುವುದು ಯಾವುದು, ಕಾಯಿ ಯಾವುದು?"

"ಬೆಳದಿಂಗಳು. ಕಾಯಿ ಹಲಸಿನದು."

"ಯಾವ ಮಣ್ಣಿಗೆ ಬೆರೆಸಿದರೂ ಗೊಬ್ಬರವಾಗದ ಹೊಲಸು ಯಾವುದು?"

ಇಂದುಧರ ಸುತ್ತ ನೋಡಿದ. ಬಾಗಿಲ ಬಳಿ ಆನೆಲಾಯ ಗುಡಿಸುವ ಆಳೊಬ್ಬ ಕಸಬರಿಕೆ ಹಿಡಿದು ನಿಂತಿದ್ದ. "ಅಗೋ, ಅಂಥವರ ಮೈ ಬೆವರು!" ಎಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು.

ನೀಲಾಜಿ ಮುಖ ತಿರುಗಿಸಿದಳು. ಕರಣಿಕ ತಲೆಯಲ್ಲಾಡಿಸಿ, "ಮೂರೂ ತಪ್ಪು" ಎಂದ. ಭಟರು ತೋಳು ಹಿಡಿದದ್ದೇ ತಡ, ಇಂದುಧರ ಮಗುವಿನಂತೆ ಅಳತೊಡಗಿದ.

"ಬುದ್ಧೀ, ಒಂದು ಗಳಿಗೆ ತಡೀರಿ."

ಅದೇ ಆಳು, ಕಾಳಿಂಗ, ಮುಂದೆ ಬಂದಿದ್ದ. ಮೊಣಕಾಲವರೆಗೂ ಲದ್ದಿ. ಸಭೆಯವರು ಉತ್ತರೀಯದಿಂದ ಮೂಗು ಮುಚ್ಚಿಕೊಂಡರು.

"ನಾನು ಉತ್ತರ ಹೇಳ್ತೀನಿ."

"ತಲೆ ಭಾರವಾಯಿತೇನೋ?" ದೊರೆ ಗದರಿದ.

"ಇಲ್ಲ ಬುದ್ಧಿ. ಹೋದ ವಾರ ಆ ಇಬ್ಬರ ರಕ್ತ ತೊಳೆದವನು ನಾನು. ಇನ್ನೊಂದು ಸಲ ತೊಳೆಯೋಕೆ ನನ್ನ ಕೈಲಾಗೋದಿಲ್ಲ. ಹೇಸಿಗೆಯಾಗ್ತದೆ."

ದೊರೆ ಕೈಬೀಸಿದ. "ಸರಿ, ಹೇಳು."

"ಮೊದಲನೇದು ಗೊಬ್ಬರ. ಹಸಿ ಲದ್ದಿ ಹಾಕಿದ್ರೆ ಎಳೇ ಸಸಿ ಸುಟ್ಟು ಹೋಗ್ತದೆ. ಆರು ತಿಂಗಳು ಗುಂಡಿಯಲ್ಲಿ ಕೊಳೆತ ಮೇಲೆ ಹಾಕಿದ್ರೆ ಕೈಕೂಸನ್ನ ಸಾಕಿದ ಹಾಗೆ ಸಾಕ್ತದೆ. ನಮ್ಮ ಗುಡಿಸಲ ಮುಂದೆ ಒಡಕು ಮಡಕೆಯಲ್ಲಿ ಸೊಪ್ಪು ಬೆಳೀತೀನಿ, ಅದಕ್ಕೆ ಗೊತ್ತು."

ನೀಲಾಜಿ ನೆಟ್ಟಗೆ ಕೂತಳು.

"ಎರಡನೇದು ಮಾಗಿಯ ಇಬ್ಬನಿ. ಅದನ್ನ ಕುಡಿದದ್ದು ಸೊಗಡಿನ ಅವರೆಕಾಯಿ. ಸುಲಿದ ಕೈ ಬೆಳಗಾಗೋತನಕ ಘಮ್ ಅಂತದೆ."

ಕರಣಿಕ ಓಲೆ ನೋಡಿ, "ಎರಡೂ ಸರಿ" ಎಂದ. ಓಲೆಯನ್ನು ಮಡಿಸಿ ಎದೆಗೊತ್ತಿಕೊಂಡ. ಮೂರನೆಯ ಉತ್ತರವನ್ನು ಅವನು ಓದಿಕೊಂಡಿದ್ದ.

ಕಾಳಿಂಗ ಕಸಬರಿಕೆ ಕೆಳಗಿಟ್ಟ. "ಮೂರನೇದು... ಬೆವರು ಅಲ್ಲ ಬುದ್ಧಿ, ಬೆವರು ಬಿದ್ದರೇನೇ ಬೆಳೆ. ಲದ್ದಿ ಮಣ್ಣಾಗ್ತದೆ, ಕೊಳೆತ ಎಲೆ ಮಣ್ಣಾಗ್ತದೆ, ಹುಳ ಬಿದ್ದ ಹೆಣವೂ ಮಣ್ಣಾಗ್ತದೆ. ಹಟಕ್ಕೋಸ್ಕರ ಮಾಡಿದ ಕೊಲೆ ಮಾತ್ರ ಮಣ್ಣಾಗೋದಿಲ್ಲ. ಅದರ ಮೇಲೆ ಏನೂ ಬೆಳೆಯೋದಿಲ್ಲ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. "ಓದಯ್ಯ ಓಲೆ!"

ವೆಂಕಣಯ್ಯ ಓಲೆಯನ್ನು ಬೆನ್ನ ಹಿಂದೆ ಸರಿಸಿದ. ನೀಲಾಜಿಯೇ ಎದ್ದು, ಓಲೆ ಕಿತ್ತುಕೊಂಡು ಓದಿದಳು. "'ನನ್ನ ಅಪ್ಪ ಹಟದಿಂದ ಮಾಡಿಸುವ ಕೊಲೆ.' ಅಪ್ಪಾಜಿ, ಇವರು ಹೇಳಿದ್ದು ಸರಿ. ಆಡಿದ ಮಾತು ತಪ್ಪದ ದೊರೆ ನೀವು. ಈಗಲೂ ತಪ್ಪಬೇಡಿ. ಇಲ್ಲ, ಇನ್ನೊಂದು ಕಂಬ ನೆಡಿಸಿ, ನನ್ನ ತಲೆಯನ್ನೂ ಅಲ್ಲಿಗೇ ಕಳಿಸಿ."

ದೊರೆ ಮಗಳ ಮುಖ ನೋಡಿದ. ವಾರದಿಂದ ಅನ್ನ ಕಾಣದ ಮುಖ, ಕಣ್ಣು ಗುಳಿಬಿದ್ದಿದ್ದವು. ಅದನ್ನವನು ಅಂದೇ ಮೊದಲು ಗಮನಿಸಿದ. ಹಿಡಿಯ ಮೇಲಿನ ಕೈ ಸಡಿಲಿತು.

"ಕೇಳು, ಏನು ಬೇಕು?" ಎಂದ ಕಾಳಿಂಗನಿಗೆ, ತಲೆ ಎತ್ತದೆ.

"ಈ ಅಳುತ್ತಿರೋ ದೊರೆಮಗನನ್ನ ಬಿಡಿ. ಕಂಬ ಕೀಳಿಸಿ. ಆ ಎರಡು ತಲೆಗಳನ್ನ ಅವರ ತಾಯಂದಿರಿಗೆ ಕಳಿಸಿ. ಅರ್ಧ ಸೀಮೆ ನನಗೆ ಆಳೋಕೆ ಬರೋದಿಲ್ಲ. ಕೆರೆ ಕೆಳಗೆ ಒಂದಷ್ಟು ನೆಲ ಕೊಟ್ಟರೆ ಸಾಕು. ಅಮ್ಮಣ್ಣಿಯವರ ಮಾತು ಅವರಿಗೇ ಬಿಟ್ಟದ್ದು."

ಇಂದುಧರ ಅಂದೇ ಊರು ಬಿಟ್ಟ. ಯಾರಿಗೂ ಹೇಳಿ ಹೋಗಲಿಲ್ಲ. ಕಂಬ ಕೀಳಲು ಭಟರು ಯಾರೂ ಹತ್ತಿರ ಸುಳಿಯದಿದ್ದಾಗ ಕಾಳಿಂಗನೇ ಹಾರೆ ಹಿಡಿದ. ನೀಲಾಜಿ ಸೆರಗು ಸಿಕ್ಕಿಸಿಕೊಂಡು ಜೊತೆಗೆ ನಿಂತಳು. ಎರಡು ಸಲ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ಮತ್ತೆ ಬಂದಳು. ತಲೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅವರವರ ಊರಿಗೆ ಪಲ್ಲಕ್ಕಿಯಲ್ಲಿ ಕಳಿಸಿದ್ದಾಯಿತು.

ಕೆಲಸ ಮುಗಿದಾಗ ಕಾಳಿಂಗ ದೂರದಲ್ಲಿ ಕೈಕಟ್ಟಿ ನಿಂತ. "ಅಪ್ಪಣೆಯಾದರೆ ಲಾಯಕ್ಕೆ ಹೋಗ್ತೀನಿ ಅಮ್ಮಣ್ಣಿ."

"ಲಾಯಕ್ಕೆ ಯಾಕೆ?" ಎಂದಳು ನೀಲಾಜಿ. "ಅಪ್ಪಾಜಿ ಜೋಯಿಸರನ್ನು ಕರೆಸಿದ್ದಾರೆ, ಲಗ್ನ ನೋಡಬೇಕಂತೆ. ನಾನು ಒಪ್ಪಿದ್ದೀನಿ. ಮೊದಲು ಹೋಗಿ ಚೆನ್ನಾಗಿ ಸೀಗೆಪುಡಿ ಹಚ್ಚಿ ಸ್ನಾನ ಮಾಡಿ ಬನ್ನಿ. ಇಬ್ಬರ ಮೈಯೂ ನಾರುತ್ತಿದೆ."